ಇನ್-ಎನ್-ಔಟ್ ಬರ್ಗರಿನಲ್ಲಿ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಿಕೊಳ್ಳುವ ಬಗೆ

ಕ್ಯಾಲಿಫೋರ್ನಿಯಕ್ಕೆ ಓದಲು ಬಂದ ವಿದ್ಯಾರ್ಥಿಗೂ, ಹೊಸದಾಗಿ ಕೆಲಸಕ್ಕೆ ಸೇರಿ ಮನೆ ಬಾಡಿಗೆಗೇ ಸಂಬಳದ ಬಹುಪಾಲನ್ನು ಕೊಡುತ್ತಿರುವ ದಂಪತಿಗೂ, ಮಕ್ಕಳ ಜೊತೆಗೆ ಊರಿನಿಂದ ಬಂದ ಅಪ್ಪ-ಅಮ್ಮನನ್ನೂ ಕೂರಿಸಿಕೊಂಡು ಹೆದ್ದಾರಿಯಲ್ಲಿ ದೂರ ಹೊರಟ ಕುಟುಂಬಕ್ಕೂ ಹೊರಗಿನ ಊಟದ ಖರ್ಚು ಸಣ್ಣ ಮಾತಲ್ಲ. ಸ್ಯಾನ್ ಹೋಸೆ, ಫ್ರೀಮಾಂಟ್, ಸನಿವೇಲ್‌ಗಳಂಥ ಊರುಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಇನ್-ಎನ್-ಔಟ್ ಬರ್ಗರ್ ಅಂಗಡಿಯ ಕೆಂಪು-ಹಳದಿ ಫಲಕ ಪರಿಚಿತವಾದದ್ದೇ. ಆದರೆ ಅಲ್ಲಿ ಏನನ್ನು ಕೇಳಬೇಕು, ಯಾವುದಕ್ಕೆ ಹಣ ಹೋಗುತ್ತದೆ, ಯಾವುದು ಉಚಿತವಾಗಿ ಸಿಗುತ್ತದೆ ಎಂಬುದನ್ನು ತಿಳಿಯದೆ ಫಲಕದ ಮೇಲಿರುವ, ಬರ್ಗರ್, ಕರಿದ ಆಲೂಗಡ್ಡೆ, ಪಾನೀಯ ಒಟ್ಟಿಗೆ ಬರುವ ಮೊದಲ ಕಾಂಬೊವನ್ನೇ ಹೇಳಿ, ಬೇಕಾದುದಕ್ಕಿಂತ ಹೆಚ್ಚು ಹಣ ಕೊಟ್ಟು ಬರುವವರು ಬಹಳ ಮಂದಿ ಇದ್ದಾರೆ. ಅಂಥವರಿಗಾಗಿ ಈ ಬರಹ.

ಮೊದಲು ಈ ಅಂಗಡಿಯ ಸ್ವಭಾವವನ್ನು ಅರಿತುಕೊಳ್ಳಬೇಕು. ಉಳಿತಾಯದ ದಾರಿ ಅಲ್ಲಿಂದಲೇ ಹುಟ್ಟುತ್ತದೆ. ಹ್ಯಾರಿ ಸ್ನೈಡರ್ ಮತ್ತು ಎಸ್ತರ್ ಸ್ನೈಡರ್ ದಂಪತಿ 1948ರಲ್ಲಿ ಲಾಸ್ ಏಂಜಲೀಸ್ ಬಳಿಯ ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಇದನ್ನು ಆರಂಭಿಸಿದಾಗ, ಕಾರಿನಲ್ಲಿ ಕುಳಿತೇ ಮಾತಾಡಿ ಆರ್ಡರ್ ಕೊಡಬಹುದಾದ ಧ್ವನಿಪೆಟ್ಟಿಗೆಯನ್ನು ಅಳವಡಿಸಿದ್ದರು. ಅಡುಗೆಯ ಜಾಗ ಸುಮಾರು ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಅಷ್ಟೇ. ಅಂದಿನಿಂದ ಇಂದಿನವರೆಗೂ ಇದು ಒಂದೇ ಕುಟುಂಬದ ಒಡೆತನದಲ್ಲಿದೆ, ಫ್ರಾಂಚೈಸಿ ಕೊಡುವುದಿಲ್ಲ. ಕ್ಯಾಲಿಫೋರ್ನಿಯದ ಆಚೆಗೆ ನೆವಾಡ, ಅರಿಜೋನ, ಯೂಟಾ, ಟೆಕ್ಸಸ್, ಓರೆಗಾನ್, ಕೊಲೊರಾಡೊ, ಐಡಹೊ ಮುಂತಾದ ರಾಜ್ಯಗಳಿಗೆ ನಿಧಾನವಾಗಿ ಹಬ್ಬಿದ್ದರೂ, 400ಕ್ಕೂ ಹೆಚ್ಚಿರುವ ಅಂಗಡಿಗಳೆಲ್ಲ ಕಂಪನಿಯ ಸ್ವಂತ ಸರಬರಾಜು ಕೇಂದ್ರಗಳಿಂದ ಲಾರಿ ಸುಲಭವಾಗಿ ತಲುಪುವಷ್ಟು ದೂರದಲ್ಲೇ ಇರುತ್ತವೆ. ಅಂಗಡಿಯಲ್ಲಿ ಫ್ರೀಜರ್ ಇಲ್ಲ, ಮೈಕ್ರೊವೇವ್ ಇಲ್ಲ. ಆಲೂಗಡ್ಡೆಯನ್ನು ಅಲ್ಲೇ, ನಮ್ಮ ಕಣ್ಣೆದುರಿಗೇ ಹೆಚ್ಚಿ ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುತ್ತಾರೆ. ತಿನಿಸುಗಳ ಪಟ್ಟಿ ಎಷ್ಟು ಚಿಕ್ಕದೆಂದರೆ ಹ್ಯಾಂಬರ್ಗರ್, ಚೀಸ್‌ಬರ್ಗರ್, ಡಬಲ್-ಡಬಲ್, ಫ್ರೈಸ್, ಮೂರು ಬಗೆಯ ಶೇಕ್ ಮತ್ತು ಕೆಲವು ಪಾನೀಯಗಳನ್ನು ಹೇಳಿದರೆ ಮುಗಿಯಿತು. ಬೆಂಗಳೂರಿನ ದರ್ಶಿನಿ ಹೋಟೆಲು ನಾಲ್ಕಾರು ತಿಂಡಿಗಳನ್ನೇ ಚೆನ್ನಾಗಿ, ಬೇಗ ಮಾಡಿ ಬೆಲೆಯನ್ನು ಕೈಗೆಟಕುವಂತೆ ಇಟ್ಟುಕೊಳ್ಳುವ ಕ್ರಮವೇ ಇಲ್ಲಿಯೂ ಕೆಲಸ ಮಾಡುತ್ತದೆ.

ಇದರಿಂದ ಗಿರಾಕಿಗೆ ಎರಡು ಪರಿಣಾಮಗಳಿವೆ. ಮೂಲಬೆಲೆಯೇ ಇತರ ದೊಡ್ಡ ಸರಣಿಗಳಿಗಿಂತ ಸಾಮಾನ್ಯವಾಗಿ ಕಡಿಮೆ ಇರುತ್ತದೆ ಎಂಬುದು ಒಂದು. ಬೇರೆ ಸರಣಿಗಳಲ್ಲಿ ಫೋನಿನ ಆ್ಯಪ್, ಕೂಪನ್, ವಾರದ ರಿಯಾಯಿತಿ ಎಂದು ಹುಡುಕಿ ಹಣ ಉಳಿಸುವ ದಾರಿಗಳು ಇಲ್ಲಿ ಇಲ್ಲ ಎಂಬುದು ಇನ್ನೊಂದು. ಇನ್-ಎನ್-ಔಟ್‌ನಲ್ಲಿ ಫೋನಿನಿಂದ ಮುಂಚಿತವಾಗಿ ಆರ್ಡರ್ ಕೊಡುವ ವ್ಯವಸ್ಥೆಯೂ ಇಲ್ಲ. ಹಾಗಾಗಿ ಇಲ್ಲಿ ಉಳಿತಾಯವೆಂದರೆ ರಿಯಾಯಿತಿಯನ್ನು ಹುಡುಕುವುದಲ್ಲ, ಸರಿಯಾದುದನ್ನು ಸರಿಯಾದ ಪ್ರಮಾಣದಲ್ಲಿ ಕೇಳುವುದು. ನಾನು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ: ಪಟ್ಟಿಯಲ್ಲಿರುವ ಅತಿ ಸರಳ ವಸ್ತುವನ್ನು ಆರಿಸಿಕೊಂಡು, ಉಚಿತವಾಗಿ ಸೇರಿಸಬಹುದಾದುದನ್ನೆಲ್ಲ ಸೇರಿಸಿಕೊಂಡು, ಸಕ್ಕರೆನೀರಿಗೆ ಹಣ ಕೊಡದೆ ಬರಬೇಕು.

ಬೆಲೆಗಳನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವು ಊರಿನಿಂದ ಊರಿಗೆ ಬೇರೆಯಾಗುತ್ತವೆ, ಕಾಲದಿಂದ ಕಾಲಕ್ಕೆ ಏರುತ್ತವೆ. ಕ್ಯಾಲಿಫೋರ್ನಿಯದಲ್ಲಿ 2024ರ ಏಪ್ರಿಲ್ 1ರಿಂದ ದೊಡ್ಡ ಫಾಸ್ಟ್‌ಫುಡ್ ಸರಣಿಗಳ ನೌಕರರಿಗೆ ಗಂಟೆಗೆ ಕನಿಷ್ಠ 20 ಡಾಲರ್ ಕೂಲಿ ಕೊಡಬೇಕೆಂಬ ಕಾನೂನು ಜಾರಿಯಾದ ಮೇಲೆ ಎಲ್ಲ ಸರಣಿಗಳ ಬೆಲೆಗಳೂ ಚರ್ಚೆಯಲ್ಲಿವೆ. ದುಡಿಯುವವರಿಗೆ ನ್ಯಾಯವಾದ ಕೂಲಿ ಸಿಗಬೇಕಾದದ್ದೇ. ನಮ್ಮ ಉಳಿತಾಯಕ್ಕೆ ಬೇರೆ ದಾರಿಗಳಿವೆ. ಫಲಕದ ಮೇಲೆ ಕಾಣುವ ಬೆಲೆಗೆ ಮಾರಾಟ ತೆರಿಗೆ ಸೇರಿರುವುದಿಲ್ಲ ಎಂಬುದನ್ನು ಹೊಸಬರು ನೆನಪಿಡಬೇಕು. ಊರಿನಿಂದ ಬಂದ ಹಿರಿಯರಿಗೆ ಇದು ಪ್ರತಿಸಲವೂ ಗೊಂದಲ ತರುತ್ತದೆ, ಏಕೆಂದರೆ ನಮ್ಮಲ್ಲಿ ಪ್ಯಾಕೆಟ್ಟಿನ ಮೇಲಿನ ಬೆಲೆಯಲ್ಲಿ ತೆರಿಗೆಯೂ ಸೇರಿರುತ್ತದೆ. ಟಿಪ್ಸ್ ಕೊಡುವ ಅಗತ್ಯ ಮಾತ್ರ ಇಲ್ಲಿ ಇಲ್ಲ. ಕುಳಿತು ತಿನ್ನುವ ಹೋಟೆಲಿಗೆ ಹೋಲಿಸಿದರೆ ಅದೊಂದೇ ಗಣನೀಯ ಉಳಿತಾಯ.

ಅಂಗಡಿಯ ಮುಂದೆ ನಿಂತಾಗ ಎರಡು ಕಳೆಯುವ ಲೆಕ್ಕಗಳನ್ನು ಮಾಡಿ. ಚೀಸ್‌ಬರ್ಗರಿನ ಬೆಲೆಯಿಂದ ಹ್ಯಾಂಬರ್ಗರಿನ ಬೆಲೆಯನ್ನು ಕಳೆದರೆ ಒಂದು ಚೀಸ್ ಹಾಳೆಗೆ ಎಷ್ಟು ಕೊಡುತ್ತಿದ್ದೀರಿ ಎಂಬುದು ತಿಳಿಯುತ್ತದೆ. ಡಬಲ್-ಡಬಲ್ ಎಂದರೆ ಎರಡು ಪ್ಯಾಟಿ (ಬರ್ಗರಿನೊಳಗಿನ ಮಾಂಸದ ಬಿಲ್ಲೆ), ಎರಡು ಚೀಸ್. ಅದರ ಬೆಲೆಯಿಂದ ಚೀಸ್‌ಬರ್ಗರಿನ ಬೆಲೆಯನ್ನು ಕಳೆದರೆ ಎರಡನೆಯ ಪ್ಯಾಟಿ ಮತ್ತು ಎರಡನೆಯ ಚೀಸಿನ ಬೆಲೆ ಸಿಗುತ್ತದೆ. ಈ ಎರಡು ಸಂಖ್ಯೆಗಳು ಗೊತ್ತಾದರೆ ಉಳಿದ ನಿರ್ಧಾರ ಸುಲಭ. ಮಾಂಸಾಹಾರಿಯಾಗಿದ್ದು ಬಹಳ ಹಸಿದಿರುವವರಿಗೆ ಎರಡು ಪ್ರತ್ಯೇಕ ಹ್ಯಾಂಬರ್ಗರ್ ಕೊಳ್ಳುವುದಕ್ಕಿಂತ ಒಂದು ಡಬಲ್-ಡಬಲ್ ಕೊಳ್ಳುವುದು ಅಗ್ಗವಾಗಬಹುದು, ಏಕೆಂದರೆ ಎರಡನೆಯ ಬನ್ನಿಗೆ, ಸೊಪ್ಪಿಗೆ, ಟೊಮೆಟೊಗೆ ಅವರು ಹಣ ಕೊಡುತ್ತಿಲ್ಲ. ಚೀಸ್ ಬೇಡವೆಂದಾದರೆ ಡಬಲ್ ಮೀಟ್ ಎಂದು ಕೇಳಿದರೆ ಎರಡು ಪ್ಯಾಟಿಯ ಬರ್ಗರನ್ನು ಚೀಸಿನ ಖರ್ಚಿಲ್ಲದೆ ಪಡೆಯಬಹುದು. ಸಾಧಾರಣ ಹಸಿವಿಗೆ ಒಂದು ಹ್ಯಾಂಬರ್ಗರ್ ಸಾಕು. ಪ್ಯಾಟಿ ತೆಳುವಾದದ್ದೇ ಆದರೂ ಬನ್ನು, ದಪ್ಪನೆಯ ಟೊಮೆಟೊ ಬಿಲ್ಲೆ, ಲೆಟ್ಯೂಸ್ ಸೊಪ್ಪು, ಸ್ಪ್ರೆಡ್ ಎಂಬ ಸಾಸು ಎಲ್ಲ ಸೇರಿ ಹೊಟ್ಟೆಗೆ ಆಧಾರವಾಗುತ್ತದೆ.

ಕಾಂಬೊಗಳ ವಿಷಯದಲ್ಲಿ ಎಚ್ಚರ ಬೇಕು. ಒಂದು, ಎರಡು, ಮೂರು ಎಂದು ಅಂಕಿ ಹಾಕಿದ ಕಾಂಬೊಗಳಲ್ಲಿ ಬರ್ಗರ್, ಫ್ರೈಸ್ ಮತ್ತು ಮಧ್ಯಮ ಗಾತ್ರದ ಪಾನೀಯ ಇರುತ್ತವೆ. ಕಾಂಬೊ ಎಂದರೆ ರಿಯಾಯಿತಿ ಎಂದು ನಾವು ತಾನಾಗಿಯೇ ನಂಬಿಬಿಡುತ್ತೇವೆ. ಫಲಕದ ಮೇಲಿರುವ ಬಿಡಿ ಬೆಲೆಗಳನ್ನು ಕೂಡಿಸಿ ನೋಡಿದ ಮೇಲೆಯೇ ಅದನ್ನು ನಂಬಬೇಕು. ನಿಜವಾದ ಪ್ರಶ್ನೆ ಮೊತ್ತದ್ದಲ್ಲ: ಆ ಪಾನೀಯ ನಿಮಗೆ ಬೇಕಿತ್ತೆ ಎಂಬುದು. ನಾಲ್ವರ ಕುಟುಂಬ ನಾಲ್ಕು ಕಾಂಬೊ ಕೊಳ್ಳುವ ಬದಲು ನಾಲ್ಕು ಬರ್ಗರ್, ಎರಡು ಫ್ರೈಸ್, ನಾಲ್ಕು ಲೋಟ ನೀರು ಎಂದು ಕೇಳಿದರೆ ಎರಡು ಫ್ರೈಸ್ ಮತ್ತು ನಾಲ್ಕು ಪಾನೀಯಗಳ ಹಣ ಉಳಿಯುತ್ತದೆ. ಊಟದಲ್ಲಿ ಏನೂ ಕಡಿಮೆಯಾಗುವುದಿಲ್ಲ. ಕುಡಿಯುವ ನೀರನ್ನು ಲೋಟದಲ್ಲಿ ಕೇಳಿದರೆ ಉಚಿತವಾಗಿ ಕೊಡುತ್ತಾರೆ, ಕೇಳಲು ಸಂಕೋಚ ಪಡಬೇಕಾಗಿಲ್ಲ. ಆ ನೀರಿನ ಲೋಟಕ್ಕೆ ಯಂತ್ರದಿಂದ ಸೋಡಾ ತುಂಬಿಕೊಳ್ಳುವುದು ಮಾತ್ರ ಸರಿಯಲ್ಲ. ಮಕ್ಕಳಿಗೂ ಅದನ್ನು ಮೊದಲೇ ತಿಳಿಸಿಡಬೇಕು. ಲೆಮನೇಡೋ ಸೋಡಾವೋ ಬೇಕೇ ಬೇಕೆನಿಸಿದ ದಿನ ಒಳಗೆ ಹೋಗಿ ಕುಳಿತು ತಿನ್ನಿ. ಅಲ್ಲಿ ಕೊಂಡ ಲೋಟವನ್ನು ಮತ್ತೆ ತುಂಬಿಸಿಕೊಳ್ಳಬಹುದಾದ್ದರಿಂದ ಚಿಕ್ಕ ಗಾತ್ರವೇ ಸಾಕಾಗುತ್ತದೆ.

ಇನ್ನು ಉಚಿತವಾಗಿ ಸಿಗುವ ವಸ್ತುಗಳು. ಈ ಅಂಗಡಿಯ ಔದಾರ್ಯವಿರುವುದು ಇಲ್ಲಿಯೇ, ನಮ್ಮವರು ಹೆಚ್ಚಾಗಿ ಕಳೆದುಕೊಳ್ಳುವುದೂ ಇಲ್ಲಿಯೇ. ಆರ್ಡರ್ ಕೊಡುವಾಗ ಈರುಳ್ಳಿ ಬೇಕೇ ಎಂದು ಅವರೇ ಕೇಳುತ್ತಾರೆ. ಬರೀ ಹೌದು ಎನ್ನುವ ಬದಲು ಗ್ರಿಲ್ಡ್ ಆನಿಯನ್ಸ್ ಎಂದರೆ ಕಂದುಬಣ್ಣ ಬರುವವರೆಗೆ ಬಾಡಿಸಿದ ಸಿಹಿಯಾದ ಈರುಳ್ಳಿ ಬರುತ್ತದೆ, ಹೆಚ್ಚಿನ ಹಣವಿಲ್ಲದೆ. ಚಾಪ್ಡ್ ಚಿಲೀಸ್ ಎಂದರೆ ಹುಳಿನೀರಿನಲ್ಲಿ ನೆನೆದ ಸಣ್ಣ ಹಳದಿ ಮೆಣಸಿನಕಾಯಿಯನ್ನು ಹೆಚ್ಚಿ ಒಳಗೆ ಹಾಕುತ್ತಾರೆ. ಖಾರವಿಲ್ಲದ ಊಟ ಗಂಟಲಿಗಿಳಿಯದ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಉಚಿತ ವಸ್ತು ಆ ಅಂಗಡಿಯಲ್ಲಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಹೆಚ್ಚಿದ್ದು ಬೇಡವಾದರೆ ಇಡೀ ಮೆಣಸಿನಕಾಯಿಯ ಪುಟ್ಟ ಪೊಟ್ಟಣವನ್ನೂ ಕೇಳಿ ಪಡೆದು, ಮಜ್ಜಿಗೆ ಮೆಣಸಿನಕಾಯಿ ನಂಚಿಕೊಳ್ಳುವ ಅಭ್ಯಾಸದವರು ಹಾಗೆಯೇ ನಂಚಿಕೊಳ್ಳಬಹುದು. ನಸುಗೆಂಪಿನ ಆ ಸ್ಪ್ರೆಡ್ ಸಾಸು ಪ್ಯಾಕೆಟ್ಟುಗಳಲ್ಲಿಯೂ ಸಿಗುತ್ತದೆ. ಉಪ್ಪಿನಲ್ಲಿಟ್ಟ ಸೌತೆಕಾಯಿ ಬಿಲ್ಲೆಗಳನ್ನೂ ಕೇಳಬಹುದು. ಆನಿಮಲ್ ಸ್ಟೈಲ್ ಫ್ರೈಸ್ ಎಂಬ ಹೆಸರಾಂತ ತಿನಿಸು ಚೀಸ್, ಸ್ಪ್ರೆಡ್, ಬಾಡಿಸಿದ ಈರುಳ್ಳಿಗಳನ್ನು ಮೇಲೆ ಸುರಿದ ಫ್ರೈಸ್. ರುಚಿಯಾದದ್ದೇ, ಆದರೆ ಸಾದಾ ಫ್ರೈಸಿಗಿಂತ ಬಹಳ ದುಬಾರಿ. ಸಾದಾ ಫ್ರೈಸ್ ಕೊಂಡು ಸ್ಪ್ರೆಡ್ ಪ್ಯಾಕೆಟ್ಟಿನಲ್ಲಿ ಅದ್ದಿಕೊಂಡು, ಜೊತೆಗೆ ಒಂದೆರಡು ಮೆಣಸಿನಕಾಯಿ ಕಡಿದುಕೊಂಡರೆ ಆ ರುಚಿಯ ಬಹುಪಾಲು ಸಿಕ್ಕೀತು.

ಬನ್ನು ಬೇಡವೆನ್ನುವವರಿಗೆ ಪ್ರೊಟೀನ್ ಸ್ಟೈಲ್ ಎಂಬ ಬಗೆಯಿದೆ. ಬನ್ನಿನ ಜಾಗದಲ್ಲಿ ಲೆಟ್ಯೂಸ್ ಎಲೆಗಳಿಂದ ಸುತ್ತಿ ಕೊಡುತ್ತಾರೆ. ಸಕ್ಕರೆ ಕಾಯಿಲೆಯ ಹಿರಿಯರಿಗೆ ಅದು ಅನುಕೂಲವೇ ಹೊರತು, ಬನ್ನನ್ನು ಬಿಟ್ಟರೆ ಬಿಲ್ಲು ಇಳಿಯುತ್ತದೆಂದು ಎಣಿಸಬಾರದು.

ಸಸ್ಯಾಹಾರಿಗಳ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ. ಇಲ್ಲಿನ ಪ್ಯಾಟಿ ದನದ ಮಾಂಸದ್ದು ಮಾತ್ರ. ಕೋಳಿಯೂ ಇಲ್ಲ, ಮೀನೂ ಇಲ್ಲ, ತರಕಾರಿಯ ಪ್ಯಾಟಿಯೂ ಇಲ್ಲ. ಹೀಗಾಗಿ ಸಸ್ಯಾಹಾರಿಗಳು ಮಾತ್ರವಲ್ಲದೆ, ಕೋಳಿ-ಕುರಿ ತಿಂದರೂ ದನದ ಮಾಂಸ ತಿನ್ನದ ಕುಟುಂಬಗಳೂ ಇಲ್ಲಿ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರಿಗೆ ಫಲಕದ ಮೇಲೆ ಕಾಣದಿದ್ದರೂ ಎಲ್ಲ ಅಂಗಡಿಗಳಲ್ಲಿಯೂ ಸಿಗುವ ತಿನಿಸೆಂದರೆ ಗ್ರಿಲ್ಡ್ ಚೀಸ್: ಬನ್ನಿನೊಳಗೆ ಎರಡು ಹಾಳೆ ಕರಗಿದ ಚೀಸ್, ಟೊಮೆಟೊ, ಲೆಟ್ಯೂಸ್, ಸ್ಪ್ರೆಡ್, ಬೇಕೆಂದರೆ ಈರುಳ್ಳಿ. ಇದಕ್ಕೆ ಬಾಡಿಸಿದ ಈರುಳ್ಳಿಯನ್ನೂ ಮೆಣಸಿನಕಾಯಿಯನ್ನೂ ಹಾಕಿಸಿಕೊಂಡರೆ ಒಬ್ಬರ ಮಧ್ಯಾಹ್ನದ ಹಸಿವು ತೀರುತ್ತದೆ. ಇನ್ನೂ ಕಡಿಮೆ ಖರ್ಚು ಬೇಕೆನ್ನುವವರು ಪ್ಯಾಟಿಯೂ ಚೀಸೂ ಇಲ್ಲದ ಬರ್ಗರನ್ನು ಕೇಳಬಹುದು. ಬನ್ನು ಮತ್ತು ತರಕಾರಿ ಮಾತ್ರ ಇರುವ ಇದನ್ನು ವಿಶ್ ಬರ್ಗರ್ ಎಂದೂ ಕರೆಯುತ್ತಾರೆ. ನೌಕರರಿಗೆ ಆ ಹೆಸರು ತಿಳಿಯದಿದ್ದರೆ ನೋ ಮೀಟ್, ನೋ ಚೀಸ್, ಜಸ್ಟ್ ವೆಜೀಸ್ ಎಂದು ಬಿಡಿಸಿ ಹೇಳಿ. ಅದೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಫ್ರೈಸಿನ ಜೊತೆಗೆ ತಿಂದರೆ ಊಟವೆನಿಸುತ್ತದೆ.

ಸ್ಪ್ರೆಡ್‌ನಲ್ಲಿ ಮೊಟ್ಟೆ ಇರುತ್ತದೆ. ಮೊಟ್ಟೆ ತಿನ್ನದವರು ನೋ ಸ್ಪ್ರೆಡ್ ಎಂದು ಹೇಳಿ, ಅದರ ಬದಲಿಗೆ ಕೆಚಪ್ ಅಥವಾ ಮಸ್ಟರ್ಡ್ ಕೇಳಬೇಕು. ಅಪ್ಪ-ಅಮ್ಮನ ಪರವಾಗಿ ಆರ್ಡರ್ ಕೊಡುವ ಮಕ್ಕಳು ಇದನ್ನು ಮರೆಯಬಾರದು. ತಿಳಿಯದೆ ತಿಂದು ಆಮೇಲೆ ನೊಂದುಕೊಳ್ಳುವವರು ಅವರು. ಹಾಗೆಯೇ, ಗ್ರಿಲ್ಡ್ ಚೀಸ್ ತಯಾರಾಗುವುದು ಮಾಂಸ ಬೇಯುವ ಅದೇ ಅಡುಗೆಮನೆಯಲ್ಲಿ. ಅದನ್ನು ಒಪ್ಪಿಕೊಳ್ಳುವುದು, ಬಿಡುವುದು ಅವರವರ ನೇಮಕ್ಕೆ ಬಿಟ್ಟದ್ದು. ನೇಮ ಬಿಗಿಯಾಗಿರುವವರಿಗೆ ಫ್ರೈಸ್ ನೆಮ್ಮದಿಯ ಆಯ್ಕೆ, ಏಕೆಂದರೆ ಈ ಅಂಗಡಿಯಲ್ಲಿ ಎಣ್ಣೆಯಲ್ಲಿ ಕರಿಯುವ ವಸ್ತು ಆಲೂಗಡ್ಡೆಯೊಂದೇ. ಕೋಳಿಯನ್ನೋ ಮೀನನ್ನೋ ಕರಿದ ಎಣ್ಣೆ ಇಲ್ಲಿಲ್ಲ. ಫ್ರೈಸ್ ಮತ್ತು ಹಾಲು ಅಥವಾ ಕಾಫಿ ತೆಗೆದುಕೊಂಡು, ಮನೆಯಿಂದ ತಂದ ಚಪಾತಿಯನ್ನೋ ಚಿತ್ರಾನ್ನವನ್ನೋ ಕಾರಿನಲ್ಲಿ ಕುಳಿತು ತಿನ್ನುವ ಹಿರಿಯರನ್ನು ಆ ಅಂಗಡಿಯ ಅಂಗಳಗಳಲ್ಲಿ ಕಾಣುವುದು ಅಪರೂಪವಲ್ಲ. ಖರ್ಚಿನ ದೃಷ್ಟಿಯಿಂದಲೂ ಅದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಫ್ರೈಸಿನ ಬಗ್ಗೆ ಒಂದು ಮಾತು. ಹಸಿ ಆಲೂಗಡ್ಡೆಯನ್ನು ಹೆಚ್ಚಿ ಒಂದೇ ಸಲ ಕರಿಯುವುದರಿಂದ ಅವು ಬೇಗ ಮೆತ್ತಗಾಗುತ್ತವೆ, ತಣ್ಣಗಾದ ಮೇಲೆ ರುಚಿಯನ್ನು ಪೂರ್ತಿ ಕಳೆದುಕೊಳ್ಳುತ್ತವೆ. ಅರ್ಧ ತಿಂದು ಬಿಸಾಡುವ ಫ್ರೈಸ್ ಎಂದರೆ ಬಿಸಾಡಿದ ಹಣವೇ. ವೆಲ್ ಡನ್ ಎಂದು ಕೇಳಿದರೆ ಹೆಚ್ಚು ಹೊತ್ತು ಕರಿದು ಗರಿಗರಿಯಾಗಿ ಕೊಡುತ್ತಾರೆ; ಇದಕ್ಕೆ ಹೆಚ್ಚಿನ ಬೆಲೆಯಿಲ್ಲ, ಒಂದೆರಡು ನಿಮಿಷ ಕಾಯಬೇಕಷ್ಟೆ. ನಮ್ಮ ಮನೆಗಳ ಆಲೂಗಡ್ಡೆ ಚಿಪ್ಸಿನ ರುಚಿಗೆ ಒಗ್ಗಿದವರಿಗೆ ಇದೇ ಹಿಡಿಸುತ್ತದೆ. ಇಬ್ಬರಿಗೆ ಒಂದು ಪಾಲು ತೆಗೆದುಕೊಂಡು, ಬರ್ಗರಿಗೂ ಮೊದಲು ಅದನ್ನೇ ತಿಂದು ಮುಗಿಸುವುದು ಉತ್ತಮ.

ಶೇಕ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪಟ್ಟಿಯಲ್ಲಿ ಬೆಲೆಗೆ ಹೋಲಿಸಿದರೆ ಹಸಿವು ನೀಗಿಸುವ ಗುಣ ಅದಕ್ಕೆ ಕಡಿಮೆ. ಮಕ್ಕಳು ಹಟ ಹಿಡಿದರೆ ಒಂದನ್ನು ಕೊಂಡು ಎರಡು ಲೋಟಗಳಿಗೆ ಹಂಚಿ. ಮಳೆ ಬರುವ ದಿನ 12 ವರ್ಷದವರೆಗಿನ ಮಕ್ಕಳಿಗೆ ಬಿಸಿ ಕೊಕೊ ಉಚಿತವಾಗಿ ಸಿಗುತ್ತದೆ. 2018ರಲ್ಲಿ ಕೊಕೊ ಮತ್ತೆ ಪಟ್ಟಿಗೆ ಬಂದಾಗ ಈ ರೂಢಿ ಶುರುವಾಯಿತು. ಕಾಗದದ ಟೋಪಿ, ಸ್ಟಿಕ್ಕರುಗಳನ್ನೂ ಕೇಳಿದರೆ ಮಕ್ಕಳಿಗೆ ಕೊಡುತ್ತಾರೆ. ಬೇರೆ ಸರಣಿಗಳಲ್ಲಿ ಆಟಿಕೆಯ ಆಸೆಗೆ ಮಕ್ಕಳ ಊಟದ ಪೆಟ್ಟಿಗೆ ಕೊಳ್ಳುವ ಖರ್ಚನ್ನು ಇದು ತಪ್ಪಿಸುತ್ತದೆ.

ಇನ್ನು ಡ್ರೈವ್-ಥ್ರೂ, ಅಂದರೆ ಕಾರಿನಿಂದ ಇಳಿಯದೆಯೇ ಕೊಳ್ಳುವ ಸಾಲಿನ ಕ್ರಮ. ಊಟದ ಹೊತ್ತಿನಲ್ಲಿ ಕಾರುಗಳ ಸಾಲು ರಸ್ತೆಯವರೆಗೂ ಬೆಳೆಯುತ್ತದೆ. ಆಗ ಧ್ವನಿಪೆಟ್ಟಿಗೆಗೆ ಕಾಯದೆ, ನೌಕರರೇ ಕೈಯಲ್ಲಿ ಟ್ಯಾಬ್ಲೆಟ್ ಹಿಡಿದು ಕಾರಿನಿಂದ ಕಾರಿಗೆ ನಡೆದು ಬಂದು ಆರ್ಡರ್ ಬರೆದುಕೊಳ್ಳುತ್ತಾರೆ. ಆದ್ದರಿಂದ ಕಿಟಕಿ ತಲುಪಿದ ಮೇಲೆ ಯೋಚಿಸೋಣ ಎಂದುಕೊಳ್ಳಬೇಡಿ. ಯಾರಿಗೆ ಏನು ಎಂಬುದನ್ನು ಸಾಲಿಗೆ ಸೇರುವ ಮೊದಲೇ ನಿರ್ಧರಿಸಿ, ಸಾಧ್ಯವಾದರೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಅವಸರದಲ್ಲಿ ಮನುಷ್ಯ ಕಾಂಬೊವನ್ನೇ ಹೇಳುತ್ತಾನೆ. ಖರ್ಚು ಜಾಸ್ತಿಯಾಗುವುದು ಆ ಗಳಿಗೆಯಲ್ಲೇ. ಹೇಳುವಾಗ ಒಂದೊಂದು ಬರ್ಗರನ್ನೂ ಪೂರ್ತಿಯಾಗಿ ಹೇಳಿ ಮುಂದಿನದಕ್ಕೆ ಹೋಗಿ: ಒನ್ ಹ್ಯಾಂಬರ್ಗರ್, ಗ್ರಿಲ್ಡ್ ಆನಿಯನ್ಸ್, ಚಾಪ್ಡ್ ಚಿಲೀಸ್; ಒನ್ ಗ್ರಿಲ್ಡ್ ಚೀಸ್, ನೋ ಸ್ಪ್ರೆಡ್, ಎಕ್ಸ್‌ಟ್ರಾ ಟೊಮೆಟೊ; ಒನ್ ಫ್ರೈಸ್, ವೆಲ್ ಡನ್; ಫೋರ್ ವಾಟರ್ಸ್. ಕಾರಿನಲ್ಲೇ ತಿನ್ನುತ್ತೀರಾ ಎಂದು ಅವರು ಕೇಳುತ್ತಾರೆ. ಹೌದೆಂದರೆ ಚೀಲದ ಬದಲು ತೆರೆದ ರಟ್ಟಿನ ಪೆಟ್ಟಿಗೆಯಲ್ಲಿ ಕೊಟ್ಟು, ತೊಡೆಯ ಮೇಲೆ ಹಾಸಿಕೊಳ್ಳುವ ಕಾಗದವನ್ನೂ ಕೊಡುತ್ತಾರೆ. ಬರ್ಗರನ್ನು ಇಬ್ಬರು ಹಂಚಿಕೊಳ್ಳುವುದಾದರೆ ಕಟ್ ಇನ್ ಹಾಫ್ ಎನ್ನಿ, ಮಧ್ಯದಲ್ಲಿ ಕತ್ತರಿಸಿ ಕೊಡುತ್ತಾರೆ.

ಸಾಲು ಬಹಳ ಉದ್ದವಿದ್ದರೆ ಕಾರನ್ನು ನಿಲ್ಲಿಸಿ ಒಳಗೆ ಹೋಗುವುದೇ ಮೇಲು. ಎಂಜಿನ್ ಓಡಿಸಿಕೊಂಡು ಕಾಯುವ ಪೆಟ್ರೋಲಿನ ಖರ್ಚನ್ನೂ ಊಟದ ಖರ್ಚಿಗೆ ಸೇರಿಸಬೇಕಲ್ಲವೆ? ಒಳಗೆ ಫಲಕವನ್ನು ನಿಧಾನವಾಗಿ ಓದಿ ಲೆಕ್ಕ ಹಾಕಬಹುದು, ತಪ್ಪು ಬಂದಿದ್ದರೆ ಆಗಲೇ ಸರಿಪಡಿಸಿಕೊಳ್ಳಬಹುದು. ಸಾಮಾನ್ಯವಾಗಿ ಬೆಳಿಗ್ಗೆ 10:30ಕ್ಕೆ ತೆರೆದು ಮಧ್ಯರಾತ್ರಿಯ ಆಚೆಗೂ ನಡೆಯುವ ಅಂಗಡಿಗಳಿವು. ಬೆಳಗಿನ ತಿಂಡಿ ಇಲ್ಲವಾದ್ದರಿಂದ ಮುಂಜಾನೆ ಹೊರಟವರು ತಿಂಡಿಯನ್ನು ಕಟ್ಟಿಕೊಂಡೇ ಹೊರಡಬೇಕು. ತೆರೆದ ಕೂಡಲೇ ಹೋದರೆ ಅಥವಾ ಮಧ್ಯಾಹ್ನ ಮೂರರ ಹೊತ್ತಿಗೆ ಹೋದರೆ ಸಾಲು ಚಿಕ್ಕದಿರುತ್ತದೆ. ಈಸ್ಟರ್, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್ ದಿನಗಳಂದು ಅಂಗಡಿ ಮುಚ್ಚಿರುತ್ತದೆ.

ದೂರ ಪ್ರಯಾಣದಲ್ಲಿ ಈ ಸರಣಿಯ ಉಪಯೋಗ ಹೆಚ್ಚು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಕಡೆಯಿಂದ ಲಾಸ್ ಏಂಜಲೀಸಿಗೆ ಇಂಟರ್‌ಸ್ಟೇಟ್ 5ರಲ್ಲಿ ಹೋಗುವವರಿಗೆ ಸುಮಾರು ನಡುದಾರಿಯಲ್ಲಿ ಕೆಟಲ್‌ಮನ್ ಸಿಟಿಯ ಅಂಗಡಿ ಸಿಗುತ್ತದೆ. ಲಾಸ್ ಏಂಜಲೀಸಿನಿಂದ ಲಾಸ್ ವೇಗಸ್ ದಾರಿ ಹಿಡಿದವರಿಗೆ ಮರುಭೂಮಿಯ ಅಂಚಿನ ಬಾರ್‌ಸ್ಟೊದಲ್ಲಿ ಸಿಗುತ್ತದೆ. ಎರಡೂ ಕಡೆ ರಜಾದಿನಗಳಲ್ಲಿ ವಿಪರೀತ ಜನಸಂದಣಿ. ಅಂಥ ದಾರಿಗಳಲ್ಲಿ ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಚಿಪ್ಸ್ ಪೊಟ್ಟಣ, ಬಾಟಲಿ ನೀರು, ಚಾಕೊಲೇಟು ಎಂದು ಕೊಳ್ಳುತ್ತ ಹೋದರೆ ಅದರ ಮೊತ್ತ ಒಂದು ಹೊತ್ತಿನ ಬಿಸಿ ಊಟದ ಮೊತ್ತವನ್ನು ಮೀರಿಬಿಡುತ್ತದೆ. ಮೊಸರನ್ನ, ಬಾಳೆಹಣ್ಣು, ನೀರಿನ ದೊಡ್ಡ ಬಾಟಲಿಗಳು ಕಾರಿನಲ್ಲಿರಲಿ. ಬಿಸಿಯಾಗಿ ತಿನ್ನುವ ಒಂದು ಹೊತ್ತಿಗೆ ಮಾತ್ರ ಬರ್ಗರಿನ ಅಂಗಡಿಯಿರಲಿ. ಒಳಗೆ ಶುಚಿಯಾದ ಶೌಚಾಲಯ ಇರುವುದು ವಯಸ್ಸಾದವರೊಂದಿಗೆ ಹೊರಟವರಿಗೆ ದೊಡ್ಡ ಅನುಕೂಲ.

ಹಣ ಕೊಟ್ಟ ಮೇಲೆ ರಸೀದಿಯನ್ನು ಒಮ್ಮೆ ಓದಿ, ಕಿಟಕಿಯಿಂದ ಮುಂದೆ ಸಾಗುವ ಮೊದಲೇ ಪೊಟ್ಟಣಗಳನ್ನು ಎಣಿಸಿಕೊಳ್ಳಿ. ಗ್ರಿಲ್ಡ್ ಚೀಸ್ ಯಾವುದು, ಮಾಂಸದ್ದು ಯಾವುದು ಎಂಬುದನ್ನು ಕೇಳಿ ತಿಳಿದುಕೊಂಡು, ಸಸ್ಯಾಹಾರಿಗಳ ಪೊಟ್ಟಣವನ್ನು ಮೊದಲು ಅವರ ಕೈಗೆ ಕೊಡಿ. ಮನೆಗೆ ಒಯ್ದು ರಾತ್ರಿಗೆ ತಿನ್ನುತ್ತೇವೆಂದು ಹೆಚ್ಚುವರಿ ಬರ್ಗರ್ ಕೊಳ್ಳುವುದು ಬೇಡ. ಸೊಪ್ಪು ಬಾಡಿ, ಬನ್ನು ನೆನೆದು, ಬಿಸಿ ಮಾಡಿದರೂ ಅದು ಸರಿಹೋಗುವುದಿಲ್ಲ. ಅನಿವಾರ್ಯವಾಗಿ ಉಳಿದರೆ ಸೊಪ್ಪು-ಟೊಮೆಟೊಗಳನ್ನು ಬೇರೆ ತೆಗೆದು, ಉಳಿದದ್ದನ್ನು ದೋಸೆಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಆಮೇಲೆ ಅವನ್ನು ಮತ್ತೆ ಸೇರಿಸಿ ತಿನ್ನಬಹುದು.